ಕಾವೇರಿಯ ಕಿರುಗವಲುಗಳಲ್ಲಿ ಹರಿಗೋಲಿನ ಪ್ರಯಾಣ: ಒಡೆಯರಪಾಳ್ಯದಿಂದ ಹೊಗೆನಕಲ್‌ಗೆ ಒಂದು ದಿನ

ಒಡೆಯರಪಾಳ್ಯವು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದ ಗ್ರಾಮ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಅರಣ್ಯಶ್ರೇಣಿಗಳ ನಡುವಿನ ಎತ್ತರದ ನೆಲದಲ್ಲಿ ಇದು ನೆಲೆಗೊಂಡಿದೆ. 1970ರ ದಶಕದಲ್ಲಿ ಇಲ್ಲಿಗೆ ಸಮೀಪದಲ್ಲಿ ಸ್ಥಾಪಿತವಾದ ಧೋಂಡೆನ್‌ಲಿಂಗ್ ಟಿಬೆಟಿಯನ್ ನೆಲೆ ಹಾಗೂ ಅಲ್ಲಿನ ಬೌದ್ಧ ಮಠದಿಂದಾಗಿ ಊರಿನ ಹೆಸರು ಹೊರಗಿನವರಿಗೂ ಪರಿಚಿತವಾಗಿದೆ. ಮಠವನ್ನು ನೋಡಲು ಬರುವ ಬಹುಪಾಲು ಪ್ರವಾಸಿಗರು ಅದೇ ದಾರಿಯಲ್ಲಿ ಹಿಂದಿರುಗುತ್ತಾರೆ. ಇದೇ ತಾಲ್ಲೂಕಿನ ಇನ್ನೊಂದು ಅಂಚಿನಲ್ಲಿ ಕಾವೇರಿ ನದಿಯು ಬಂಡೆಗಳ ನಡುವೆ ಹತ್ತಾರು ಕವಲುಗಳಾಗಿ ಒಡೆದು ಹರಿಯುತ್ತದೆ ಎಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಆ ಕವಲುಗಳನ್ನು ನೀರಿನ ಮೇಲಿನಿಂದ ನೋಡಲು ಇರುವ ವಾಹನ ಒಂದೇ, ಅದು ಹರಿಗೋಲು. ಒಡೆಯರಪಾಳ್ಯದಿಂದ ಬೆಳಿಗ್ಗೆ ಹೊರಟು, ಹೊಗೆನಕಲ್‌ನಲ್ಲಿ ಹರಿಗೋಲಿನ ಪ್ರಯಾಣ ಮುಗಿಸಿ, ಕತ್ತಲಾಗುವುದರೊಳಗೆ ಕಾಡಿನ ರಸ್ತೆಯನ್ನು ದಾಟಿ ಮರಳಲು ಬಯಸುವವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಈ ಭಾಗದ ಆಡಳಿತ ಚರಿತ್ರೆಯನ್ನು ಇಲ್ಲಿ ಸಂಕ್ಷಿಪ್ತವಾಗಿ ಹೇಳುವುದು ಉಚಿತ. ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅನಂತರ ಮೈಸೂರು ಜಿಲ್ಲೆಗೂ, 1997ರಲ್ಲಿ ಹೊಸದಾಗಿ ರಚಿತವಾದ ಚಾಮರಾಜನಗರ ಜಿಲ್ಲೆಗೂ ಸೇರಿತು. ಹನೂರು ಪ್ರತ್ಯೇಕ ತಾಲ್ಲೂಕಾದದ್ದು ತೀರ ಇತ್ತೀಚೆಗೆ. ನದಿಯ ಎರಡೂ ದಡಗಳಲ್ಲಿ ಕನ್ನಡ ಮತ್ತು ತಮಿಳು ಎರಡೂ ಮಾತುಗಳು ಸಹಜವಾಗಿ ಕೇಳಿಬರುವುದಕ್ಕೆ ಈ ಹಿನ್ನೆಲೆಯೂ ಒಂದು ಕಾರಣ.

ನದಿಯ ಸ್ವರೂಪ

ಶಿವನಸಮುದ್ರದಲ್ಲಿ ಗಗನಚುಕ್ಕಿ ಮತ್ತು ಭರಚುಕ್ಕಿಗಳಾಗಿ ಧುಮುಕಿದ ಮೇಲೆ ಕಾವೇರಿಯು ಬಯಲುಸೀಮೆಯ ನದಿಯಾಗಿ ಉಳಿಯುವುದಿಲ್ಲ. ಅಲ್ಲಿಂದ ಮುಂದೆ ಶಿಂಷಾ ನದಿಯನ್ನೂ, ಸಂಗಮದಲ್ಲಿ ಅರ್ಕಾವತಿಯನ್ನೂ ಕೂಡಿಕೊಂಡು, ಮೇಕೆದಾಟುವಿನ ಇಕ್ಕಟ್ಟಾದ ಕಲ್ಲಿನ ಕೊರಕಲನ್ನು ನುಸುಳಿ, ಕಾಡಿನ ನಡುವೆ ಪೂರ್ವಾಭಿಮುಖವಾಗಿ ಸಾಗುತ್ತದೆ. ಬಳಿಕ ಸುಮಾರು 64 ಕಿಲೋಮೀಟರ್ ದೂರ ಕರ್ನಾಟಕ ಮತ್ತು ತಮಿಳುನಾಡು ರಾಜ್ಯಗಳ ಗಡಿಯಾಗಿ ಹರಿಯುತ್ತದೆ. ಈ ಗಡಿಭಾಗದಲ್ಲಿ ಬಿಳಿಗುಂಡ್ಲು ಎಂಬಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಅದರ ಕೆಳಗೆ ಹೊಗೆನಕಲ್ ಇದೆ. ಹೊಗೆನಕಲ್‌ನಿಂದ ದಕ್ಷಿಣಕ್ಕೆ ತಿರುಗುವ ನದಿಯು 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಅಣೆಕಟ್ಟೆಯ ಹಿನ್ನೀರನ್ನು ಸೇರುತ್ತದೆ.

ಹೊಗೆನಕಲ್ ಎಂಬ ಹೆಸರು ಹೊಗೆ ಮತ್ತು ಕಲ್ಲು ಎಂಬ ಎರಡು ಕನ್ನಡ ಪದಗಳಿಂದ ಆದದ್ದು. ಬಂಡೆಗಳಿಗೆ ಅಪ್ಪಳಿಸಿದ ನೀರು ಸಣ್ಣ ತುಂತುರಾಗಿ ಮೇಲೇಳುವುದು ದೂರದಿಂದ ಹೊಗೆಯಂತೆ ಕಾಣುವುದರಿಂದ ಈ ಹೆಸರು ಬಂದಿದೆ. ಇಲ್ಲಿ ಒಂದೇ ದೊಡ್ಡ ಜಲಪಾತವಿಲ್ಲ. ನದಿಯು ಬಂಡೆಯ ಹಾಸಿನ ಮೇಲೆ ಅಗಲವಾಗಿ ಹರಡಿ, ಬಿರುಕುಗಳಲ್ಲಿ ಹಂಚಿಹೋಗಿ, ಹಲವು ಕಡೆ ಹಲವು ಎತ್ತರಗಳಿಂದ ಒಂದೇ ಇಕ್ಕಟ್ಟಾದ ಕಮರಿಗೆ ಬೀಳುತ್ತದೆ. ಈ ಪರಿಸರದಲ್ಲಿ ದೊರೆಯುವ ಕಾರ್ಬೊನಟೈಟ್ ಶಿಲೆಗಳ ವಯಸ್ಸನ್ನು ಭೂವಿಜ್ಞಾನಿಗಳು ಸುಮಾರು 240 ಕೋಟಿ ವರ್ಷಗಳೆಂದು ಅಂದಾಜಿಸಿದ್ದಾರೆ.

ಇಂತಹ ನದಿಯಲ್ಲಿ ಒಂದು ಕಡೆ ಮೊಣಕಾಲುದ್ದ ನೀರಿದ್ದರೆ ಹತ್ತು ಮಾರು ಆಚೆ ತಳ ಕಾಣದ ಮಡುವಿರುತ್ತದೆ. ಬೇಸಿಗೆಯಲ್ಲಿ ದಡದಲ್ಲಿ ನಿಂತು ನೋಡುವವರಿಗೆ ನಡೆದೇ ದಾಟಬಹುದೆಂದು ತೋರುತ್ತದೆ. ಈಜು ಬಲ್ಲವರೂ ಸೇರಿದಂತೆ ಅನೇಕರು ಇಲ್ಲಿ ಪ್ರಾಣ ಕಳೆದುಕೊಂಡಿರುವುದು ಬಹುತೇಕ ಇಂತಹ ತಪ್ಪು ಅಂದಾಜಿನಿಂದಲೇ.

ಹರಿಗೋಲೇ ಏಕೆ

ಆಳವಿಲ್ಲದ ನೀರಿನಲ್ಲಿ ಸಂಚರಿಸುವುದು ನೌಕಾವಿದ್ಯೆಯ ಹಳೆಯ ಸಮಸ್ಯೆ. ಕಡಲತೀರಗಳಲ್ಲಿ ಇದಕ್ಕೆ ಆಧುನಿಕ ಕಾಲ ಕಂಡುಕೊಂಡ ಒಂದು ಉತ್ತರ ಹೋವರ್‌ಕ್ರಾಫ್ಟ್. ಬಲವಾದ ಬೀಸಣಿಗೆಗಳಿಂದ ತನ್ನಡಿಗೆ ಗಾಳಿಯನ್ನು ತುಂಬಿಕೊಂಡು, ಸುತ್ತಲೂ ಇಳಿಬಿಟ್ಟ ರಬ್ಬರಿನ ಅಂಚಿನೊಳಗೆ ಆ ಗಾಳಿಯನ್ನು ಹಿಡಿದಿಟ್ಟು, ನೀರಿಗೂ ಕೆಸರಿಗೂ ತಾಗದಂತೆ ಅದು ಚಲಿಸುತ್ತದೆ. ಬ್ರಿಟನ್ನಿನ ಕ್ರಿಸ್ಟೋಫರ್ ಕಾಕರೆಲ್ ಅವರು ರೂಪಿಸಿದ ಇಂತಹ ವಾಹನವು 1959ರ ಜುಲೈ 25ರಂದು ಇಂಗ್ಲಿಷ್ ಕಾಲುವೆಯನ್ನು ದಾಟಿತು. ಭಾರತೀಯ ತಟರಕ್ಷಣಾ ಪಡೆಯು ಗುಜರಾತಿನ ಕಛ್ ಕೊಲ್ಲಿ, ತಮಿಳುನಾಡಿನ ಮಂಡಪಂ ಮೊದಲಾದ ಆಳವಿಲ್ಲದ ಸಮುದ್ರಭಾಗಗಳ ಗಸ್ತಿಗೆ ಇವನ್ನು ಬಳಸುತ್ತಿದೆ. ಮರಳು, ಕೆಸರು, ಸಮತಟ್ಟಾದ ನೀರು ಇರುವಲ್ಲಿ ಇದು ಸೊಗಸಾದ ಸಾಧನ. ಆಳೆತ್ತರದ ಬಂಡೆಗಳು ನೀರಿನಿಂದ ತಲೆಯೆತ್ತಿರುವ, ಎರಡು ಮಾರು ಅಗಲದ ಕವಲಿನಲ್ಲಿ ತಟ್ಟನೆ ತಿರುಗಬೇಕಾದ ಹೊಗೆನಕಲ್‌ನಲ್ಲಿ ಅದರ ರಬ್ಬರಿನ ಅಂಚು ಹರಿಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಯಂತ್ರದ ದೋಣಿಗಳ ಪಾಡೂ ಇಲ್ಲಿ ಅಷ್ಟೇ. ಅವುಗಳ ತಿರುಗುರೆಕ್ಕೆ ಮೊದಲ ಬಂಡೆಗೇ ಬಡಿಯುತ್ತದೆ.

ಹರಿಗೋಲು ಇದೇ ಸಮಸ್ಯೆಯನ್ನು ಬಿದಿರಿನಿಂದ ಬಗೆಹರಿಸಿದೆ. ಸೀಳಿದ ಬಿದಿರ ದಬ್ಬೆಗಳನ್ನು ದೊಡ್ಡ ಬುಟ್ಟಿಯಂತೆ ದುಂಡಗೆ ಹೆಣೆದು, ಅಂಚನ್ನು ದಪ್ಪನಾದ ಬಿದಿರಿನಿಂದ ಬಿಗಿದು, ಹೊರಮೈಗೆ ಹೊದಿಕೆ ಹಾಕಲಾಗುತ್ತದೆ. ಹಿಂದೆ ಈ ಹೊದಿಕೆ ಎತ್ತಿನ ಅಥವಾ ಎಮ್ಮೆಯ ತೊಗಲಾಗಿತ್ತು. ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು ಬಳಕೆಯಲ್ಲಿವೆ. ಸಾಮಾನ್ಯವಾಗಿ ಇದರ ಅಡ್ಡಳತೆ ಏಳು ಅಡಿಯಷ್ಟು. ಮೈಸೂರು ಸೀಮೆಯಲ್ಲಿ ಇದನ್ನು ತೆಪ್ಪವೆಂದೂ ಕರೆಯುವುದುಂಟು. ತಮಿಳಿನಲ್ಲಿ ಇದು ಪರಿಸಲ್, ತೆಲುಗಿನಲ್ಲಿ ಪುಟ್ಟಿ. ವಿಜಯನಗರಕ್ಕೆ 16ನೇ ಶತಮಾನದ ಆರಂಭದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ತುಂಗಭದ್ರೆಯನ್ನು ಜನರು ಬೆತ್ತ ಮತ್ತು ತೊಗಲಿನ ದುಂಡು ದೋಣಿಗಳಲ್ಲಿ ದಾಟುತ್ತಿದ್ದುದನ್ನೂ, ಅವು ನೇರವಾಗಿ ಹೋಗದೆ ಸುತ್ತುತ್ತಲೇ ಸಾಗುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಐನೂರು ವರ್ಷಗಳಲ್ಲಿ ಹೊದಿಕೆ ಬದಲಾಗಿದೆ, ಸುತ್ತುವುದು ಬದಲಾಗಿಲ್ಲ.

ಹರಿಗೋಲಿಗೆ ಮುಂದು ಹಿಂದುಗಳಿಲ್ಲ, ನೀರನ್ನು ಸೀಳುವ ಅಡಿಮರವೂ ಇಲ್ಲ. ತಳವು ಅಗಲವಾಗಿ ಚಪ್ಪಟೆಯಾಗಿರುವುದರಿಂದ ಭಾರವು ಹೆಚ್ಚು ನೀರಿನ ಮೇಲೆ ಹಂಚಿಹೋಗುತ್ತದೆ. ಇದರ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ನೀರಿಗೆ ತಾಗುವ ತಳದ ವಿಸ್ತೀರ್ಣ ಸುಮಾರು 2.8 ಚದರ ಮೀಟರ್ ಎಂದಿಟ್ಟುಕೊಂಡರೆ, ಐದು ಜನರೂ ಸೇರಿ ಒಟ್ಟು 350 ಕಿಲೋ ತೂಕದ ಹರಿಗೋಲು ನೀರಿನಲ್ಲಿ ಮುಳುಗುವುದು ಹನ್ನೆರಡೂವರೆ ಸೆಂಟಿಮೀಟರ್ ಮಾತ್ರ, ಅಂದರೆ ಅರ್ಧ ಗೇಣಿಗಿಂತ ತುಸು ಹೆಚ್ಚು. ಆದ್ದರಿಂದಲೇ ಬೇರಾವ ದೋಣಿಯೂ ಹೋಗಲಾರದ ಕಲ್ಲುಹಾಸಿನ ಮೇಲೆ ಇದು ಜಾರಿಹೋಗುತ್ತದೆ. ಅದೇ ಹರಿಗೋಲಿನಲ್ಲಿ ಹತ್ತು ಜನರು ಕುಳಿತು ಒಟ್ಟು ತೂಕ 650 ಕಿಲೋ ಆದರೆ ಅದು ಪೂರ್ತಿ ಒಂದು ಗೇಣು ಇಳಿಯುತ್ತದೆ. ಆಗ ನೀರಿನ ಮೇಲೆ ಉಳಿಯುವ ಅಂಚು ಅಷ್ಟರಮಟ್ಟಿಗೆ ಕುಗ್ಗುತ್ತದೆ. ಎಲ್ಲರೂ ಛಾಯಾಚಿತ್ರಕ್ಕಾಗಿ ಒಂದೇ ಬದಿಗೆ ವಾಲಿದರೆ ಆ ಬದಿಯಿಂದ ನೀರು ಒಳನುಗ್ಗುವುದು ಕ್ಷಣದ ಮಾತು. ಹರಿಗೋಲಿನ ಗುಣವೂ ಅಪಾಯವೂ ಈ ಒಂದು ಗೇಣಿನ ಲೆಕ್ಕದಲ್ಲಿಯೇ ಇವೆ.

ಹುಟ್ಟು ಹಾಕುವ ಕ್ರಮವೂ ಇತರ ದೋಣಿಗಳಂತಲ್ಲ. ಅಂಬಿಗನು ಸಾಗಬೇಕಾದ ದಿಕ್ಕಿನತ್ತ ಮುಖಮಾಡಿ ಕುಳಿತು ಅಥವಾ ಮೊಣಕಾಲೂರಿ, ಒಂದೇ ಹುಟ್ಟಿನಿಂದ ಎದುರಿನ ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತಾನೆ. ಬಲಕ್ಕೂ ಎಡಕ್ಕೂ ಒಂದೇ ಸಮನಾಗಿ ಎಳೆಯದಿದ್ದರೆ ಹರಿಗೋಲು ಗಿರಕಿ ಹೊಡೆಯುತ್ತದೆ. ಪ್ರವಾಸಿಗರನ್ನು ರಂಜಿಸಲು ಬೇಕೆಂದೇ ಹೀಗೆ ತಿರುಗಿಸುವುದೂ ಉಂಟು. ನಿಂತ ನೀರಿನಲ್ಲಿ ಅದು ವಿನೋದವೇ ಸರಿ, ಸೆಳೆತವಿರುವಲ್ಲಿ ಹಾಗೆ ಮಾಡಬೇಕೆಂದು ಕೇಳಬಾರದು.

ಮಾರ್ಗ

ಒಡೆಯರಪಾಳ್ಯದಿಂದ ಲೊಕ್ಕನಹಳ್ಳಿಯ ಮೂಲಕ ಹನೂರನ್ನು ತಲುಪಿ, ಅಲ್ಲಿಂದ ಕೌದಳ್ಳಿ, ತಾಳಬೆಟ್ಟಗಳನ್ನು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಏರಬೇಕು. ಬೆಟ್ಟದ ಇನ್ನೊಂದು ಬದಿಯ ಘಟ್ಟವನ್ನಿಳಿದರೆ ಪಾಲಾರ್ ಸಿಗುತ್ತದೆ. ರಾಜ್ಯದ ಗಡಿಯಲ್ಲಿರುವ ಪಾಲಾರ್ ಬಳಿ ಮೆಟ್ಟೂರಿನ ರಸ್ತೆಯನ್ನು ಬಿಟ್ಟು ಗೋಪಿನಾಥಂ ಮಾರ್ಗವಾಗಿ ಮುಂದುವರಿದರೆ ಹೊಗೆನಕಲ್‌ನ ಕರ್ನಾಟಕದ ದಡ. ಒಟ್ಟು ದೂರ ಒಂದು ಕಡೆಗೆ ನೂರು ಕಿಲೋಮೀಟರಿಗೂ ಹೆಚ್ಚು. ಘಟ್ಟದ ತಿರುವುಗಳಿರುವುದರಿಂದ ಸಮಯವನ್ನು ದೂರದ ಲೆಕ್ಕದಲ್ಲಿ ಎಣಿಸಬಾರದು. ಬೆಳಿಗ್ಗೆ ಆರು ಗಂಟೆಗೆ ಹೊರಟವರಿಗೆ ಮಾತ್ರ ನದಿಯಲ್ಲಿ ನೆಮ್ಮದಿಯ ಎರಡು ಗಂಟೆ ದೊರೆತೀತು. ಮಹದೇಶ್ವರ ಬೆಟ್ಟದವರೆಗೆ ಕೊಳ್ಳೇಗಾಲ ಮತ್ತು ಹನೂರಿನಿಂದ ಸಾರಿಗೆ ಬಸ್ಸುಗಳಿವೆ. ಅಲ್ಲಿಂದ ಮುಂದಕ್ಕೆ ಸ್ವಂತ ಅಥವಾ ಬಾಡಿಗೆ ವಾಹನವಿದ್ದರೆ ಅನುಕೂಲ. ಅಮಾವಾಸ್ಯೆ, ಮಹಾಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳ ದಿನಗಳಲ್ಲಿ ಬೆಟ್ಟದ ರಸ್ತೆಯಲ್ಲಿ ಭಕ್ತರ ದಟ್ಟಣೆ ಇರುವುದರಿಂದ ಒಂದು ದಿನದಲ್ಲಿ ಈ ಪ್ರವಾಸ ಮುಗಿಯುವುದಿಲ್ಲವೆಂದೇ ಭಾವಿಸತಕ್ಕದ್ದು.

ಈ ರಸ್ತೆಯ ಬಹುಭಾಗವು 2013ರಲ್ಲಿ ಘೋಷಿತವಾದ ಮಲೆ ಮಹದೇಶ್ವರ ವನ್ಯಜೀವಿಧಾಮಕ್ಕೂ, ನದಿಯ ದಂಡೆಯ ಭಾಗಗಳು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮಕ್ಕೂ ಸೇರಿವೆ. ಆನೆಗಳ ಓಡಾಟ ಸಾಮಾನ್ಯ. ವಾಹನ ನಿಲ್ಲಿಸಿ ಊಟ ಮಾಡುವುದು, ಕೋತಿಗಳಿಗೆ ತಿನಿಸು ಎಸೆಯುವುದು, ಕಾಡಿನೊಳಕ್ಕೆ ಇಳಿಯುವುದು ನಿಷಿದ್ಧ.

ಗೋಪಿನಾಥಂ ಗ್ರಾಮದ ಹೆಸರು ವೀರಪ್ಪನ್‌ನ ಹುಟ್ಟೂರೆಂಬ ಕಾರಣಕ್ಕೆ ಬಹುಕಾಲ ಅಪಕೀರ್ತಿಗೆ ಒಳಗಾಗಿತ್ತು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು 1991ರ ನವೆಂಬರಿನಲ್ಲಿ ಈ ಕಾಡಿನಲ್ಲಿಯೇ ಹತರಾದರು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನಡೆದ ನೆಲಬಾಂಬ್ ಸ್ಫೋಟದಲ್ಲಿ 22 ಮಂದಿ ಮೃತಪಟ್ಟರು. 2004ರ ಅಕ್ಟೋಬರಿನಲ್ಲಿ ಆ ಅಧ್ಯಾಯ ಮುಗಿಯಿತು. ಶ್ರೀನಿವಾಸ್ ಅವರು ಗ್ರಾಮಸ್ಥರ ವಿಶ್ವಾಸ ಗಳಿಸಿ ಅಲ್ಲಿ ಮಾರಿಯಮ್ಮನ ದೇವಾಲಯವನ್ನು ಕಟ್ಟಿಸಿಕೊಟ್ಟಿದ್ದರು. ಊರಿನವರು ಅವರನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ. ದಾರಿಯಲ್ಲಿ ಹತ್ತು ನಿಮಿಷ ನಿಲ್ಲಬಯಸುವವರು ನಿಲ್ಲಬೇಕಾದ ಸ್ಥಳ ಅದು.

ನೀರಿನ ಮೇಲೆ

ಜಲಪಾತದ ಮೇಲ್ಭಾಗದಲ್ಲಿ ನದಿಯು ಅಗಲವಾಗಿಯೂ ಮಂದವಾಗಿಯೂ ಇರುತ್ತದೆ. ಇಲ್ಲಿ ಹರಿಗೋಲು ನಡುಗಡ್ಡೆಗಳ ನಡುವಿನ ಕವಲುಗಳಲ್ಲಿ ಸಾಗುತ್ತದೆ. ದಂಡೆಯುದ್ದಕ್ಕೂ ಬೇರುಗಳನ್ನು ನೀರಿಗೆ ಚಾಚಿದ ಹೊಳೆಮತ್ತಿ ಮರಗಳು, ಬಂಡೆಗಳ ಮೇಲೆ ರೆಕ್ಕೆ ಹರಡಿ ನಿಂತ ನೀರುಕಾಗೆಗಳು, ಅದೃಷ್ಟವಿದ್ದರೆ ಗುಂಪಾಗಿ ಈಜುವ ನೀರುನಾಯಿಗಳು ಕಾಣಸಿಗುತ್ತವೆ. ನದಿಯ ಈ ಭಾಗದಲ್ಲಿ ಮೊಸಳೆಗಳೂ ಇವೆ. ಕಾವೇರಿ ಕಣಿವೆಗೇ ವಿಶಿಷ್ಟವಾದ ಗೂನುಬೆನ್ನಿನ ಮಹಶೀರ್ ಮೀನು ಇಲ್ಲಿನ ಮಡುಗಳಲ್ಲಿ ಒಂದು ಕಾಲದಲ್ಲಿ ಹೇರಳವಾಗಿತ್ತು. ಈಗ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದೆ.

ಸ್ವಲ್ಪ ಮುಂದೆ ನೀರಿನ ಸದ್ದು ಬದಲಾಗುತ್ತದೆ. ಕವಲು ಇಕ್ಕಟ್ಟಾಗಿ ಎರಡೂ ಬದಿಗೆ ಕಲ್ಲಿನ ಗೋಡೆಗಳು ಏಳುತ್ತವೆ. ಅಂಬಿಗನ ವಿದ್ಯೆ ತೋರುವುದು ಇಲ್ಲಿ. ಮೇಲ್ಮೈ ಗಾಜಿನಂತೆ ನುಣುಪಾಗಿ ಉಬ್ಬಿರುವೆಡೆ ಅಡಿಯಲ್ಲಿ ಬಂಡೆಯಿದೆ. ನೊರೆಯು ಎರಡು ಬದಿಯಿಂದ ಕೂಡಿ ನಡುವೆ ನಾಲಗೆಯಂತೆ ಕಪ್ಪು ನೀರು ಇಳಿಯುವೆಡೆ ದಾರಿಯಿದೆ. ಸೆಳೆತದ ಪಕ್ಕದಲ್ಲಿ ನೀರು ಹಿಂದಕ್ಕೆ ತಿರುಗಿ ಹರಿಯುವ ಮೂಲೆಗಳು ನಿಲ್ಲಲು ತಕ್ಕ ಸ್ಥಳಗಳು. ಈ ಗುರುತುಗಳು ನೀರಿನ ಮಟ್ಟದೊಂದಿಗೆ ಬದಲಾಗುತ್ತವೆ. ಒಂದು ಅಡಿ ನೀರು ಏರಿದರೆ ನಿನ್ನೆಯ ದಾರಿಯೇ ಇಂದಿನ ಸುಳಿಯಾಗುವುದುಂಟು. ತಲೆಮಾರುಗಳಿಂದ ಇದೇ ಕಸುಬಿನಲ್ಲಿರುವ ಕುಟುಂಬಗಳವರು ಇದನ್ನು ಬಲ್ಲರು. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಕಾಲದಿಂದಲೂ ಕನ್ನಡ ನಾಡಿನಲ್ಲಿ ಮರ್ಯಾದೆ ಪಡೆದ ವೃತ್ತಿಯಿದು.

ಹರಿಗೋಲು ಹೋಗಲಾರದ ಕಡೆ ಪ್ರಯಾಣಿಕರನ್ನು ಬಂಡೆಯ ಮೇಲೆ ಇಳಿಸಿ ನಡೆಸಲಾಗುತ್ತದೆ. ಅಂಬಿಗನು ಹರಿಗೋಲನ್ನು ಮಗುಚಿ ತಲೆಯ ಮೇಲೆ ಹೊತ್ತು, ದೊಡ್ಡ ಕೊಡೆಯೊಂದು ತಾನೇ ನಡೆದುಹೋಗುವಂತೆ, ಕಲ್ಲುಗಳನ್ನು ದಾಟಿ ಕೆಳಗಿನ ನೀರಿಗೆ ಇಳಿಸುತ್ತಾನೆ. ಕಮರಿಯ ಒಳಗೆ ಜಲಪಾತಗಳನ್ನು ಕೆಳಗಿನಿಂದ ನೋಡಬಹುದು. ಅವುಗಳ ಎತ್ತರ ಸುಮಾರು 20 ಮೀಟರ್. ಅಂಕಿಯಾಗಿ ಇದು ದೊಡ್ಡದಲ್ಲ, ನೀರಿನ ಮಟ್ಟದಲ್ಲಿ ಕುಳಿತು ತಲೆಯೆತ್ತಿ ನೋಡುವವರಿಗೆ ಬೇರೆಯಾಗಿಯೇ ತೋರುತ್ತದೆ. ಹಿಂದಿರುಗುವ ಪ್ರಯಾಣ ಪ್ರವಾಹಕ್ಕೆ ಎದುರಾಗಿರುವುದರಿಂದ ಅಂಬಿಗನಿಗೆ ಇಮ್ಮಡಿ ಶ್ರಮ. ಬಾಡಿಗೆಯ ಮಾತುಕತೆಯಲ್ಲಿ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ನೀರಿನ ಪ್ರಮಾಣ ಮತ್ತು ಸಂಚಾರ ನಿಷೇಧ

ಈ ಪ್ರವಾಸದ ದಿನವನ್ನು ನಿರ್ಧರಿಸಬೇಕಾದದ್ದು ರಜೆಯ ಪಟ್ಟಿಯಲ್ಲ, ನದಿಯ ಹರಿವು. ಹೊಗೆನಕಲ್‌ನಲ್ಲಿ ಮಳೆಯಿಲ್ಲದೆ ಆಕಾಶ ನಿರ್ಮಲವಾಗಿರುವಾಗಲೂ ನದಿ ಏರಬಹುದು. ಮಂಡ್ಯ ಜಿಲ್ಲೆಯ ಕೃಷ್ಣರಾಜಸಾಗರ ಹಾಗೂ ಮೈಸೂರು ಜಿಲ್ಲೆಯ ಕಬಿನಿ ಜಲಾಶಯಗಳು ತುಂಬಿ ಹೆಚ್ಚುವರಿ ನೀರನ್ನು ಹೊರಬಿಟ್ಟರೆ ಅದು ಒಂದೆರಡು ದಿನಗಳಲ್ಲಿ ಇಲ್ಲಿಗೆ ಬರುತ್ತದೆ. ಕೊಡಗು ಮತ್ತು ವಯನಾಡಿನ ಮಳೆಯನ್ನು ಹನೂರಿನಲ್ಲಿ ಕುಳಿತು ಅರಿಯಲಾಗದು. ಜಲಾಶಯಗಳ ಕೆಳಗೆ ಸೇರುವ ಶಿಂಷಾ ಮತ್ತು ಅರ್ಕಾವತಿಗಳಿಗೆ ತಡೆ ಇನ್ನೂ ಕಡಿಮೆ. ಬೆಂಗಳೂರು, ರಾಮನಗರಗಳ ಸುತ್ತ ರಾತ್ರಿ ಬಿದ್ದ ಭಾರಿ ಮಳೆ ಮರುದಿನ ಈ ಕಮರಿಯನ್ನು ಕೆಂಪಾಗಿಸಬಲ್ಲದು.

ಆದ್ದರಿಂದ ಬಿಳಿಗುಂಡ್ಲುವಿನ ಮಾಪನವೇ ಇಲ್ಲಿ ಪ್ರಮಾಣ. ಇದೇ ಕೇಂದ್ರದ ಅಂಕಿಗಳ ಆಧಾರದ ಮೇಲೆ ಎರಡು ರಾಜ್ಯಗಳ ನಡುವಿನ ನೀರಿನ ಲೆಕ್ಕವೂ ನಡೆಯುತ್ತದೆ. ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ನೀಡಿದ ತೀರ್ಪಿನಂತೆ ಸಾಧಾರಣ ಮಳೆಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ ಹರಿಯಬೇಕಾದ ನೀರು 177.25 ಟಿಎಂಸಿ. ಪ್ರವಾಸಿಗನಿಗೆ ಬೇಕಾದದ್ದು ಈ ವಾರ್ಷಿಕ ಮೊತ್ತವಲ್ಲ, ಆ ದಿನದ ಕ್ಯೂಸೆಕ್ ಪ್ರಮಾಣ. ಒಂದು ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೆ ಸುಮಾರು 28 ಲೀಟರ್. ಕೆಲವು ಸಾವಿರ ಕ್ಯೂಸೆಕ್ ಹರಿಯುವಾಗ ಕವಲುಗಳೆಲ್ಲ ಬೇರೆ ಬೇರೆಯಾಗಿ ಕಾಣುತ್ತವೆ. ಲಕ್ಷ ದಾಟಿದಾಗ ಬಂಡೆಗಳೂ ಜಲಪಾತಗಳೂ ಮುಳುಗಿ ಒಂದೇ ಕೆಂಪು ಹೊಳೆಯಾಗುತ್ತದೆ. 2018ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಮೇಲ್ಭಾಗದ ಶಿವನಸಮುದ್ರದಲ್ಲಿ 19ನೇ ಶತಮಾನದ ವೆಸ್ಲಿ ಸೇತುವೆಯ ಒಂದು ಭಾಗವೇ ಕೊಚ್ಚಿಹೋಯಿತು. ಕಲ್ಲಿನ ಸೇತುವೆಯನ್ನು ಕಿತ್ತ ನೀರಿಗೆ ಬಿದಿರಿನ ಬುಟ್ಟಿ ಎಷ್ಟರದು.

ಹರಿವು ಹೆಚ್ಚಾದಾಗ ಆಡಳಿತವು ಹರಿಗೋಲು ಸಂಚಾರವನ್ನೂ ನದಿಯಲ್ಲಿ ಸ್ನಾನವನ್ನೂ ನಿಷೇಧಿಸುತ್ತದೆ. ಎರಡು ದಡಗಳು ಎರಡು ರಾಜ್ಯಗಳಿಗೆ ಸೇರಿರುವುದರಿಂದ ಆದೇಶಗಳು ಬೇರೆ ಬೇರೆಯಾಗಿ ಹೊರಡುತ್ತವೆ. ಒಂದು ದಡದಲ್ಲಿ ನಿಷೇಧವಿದೆಯೆಂದು ತಿಳಿದು ಇನ್ನೊಂದು ದಡದಲ್ಲಿ ಪ್ರಯತ್ನಿಸುವುದು ಕೂಡದು, ನದಿ ಒಂದೇ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಿಷೇಧದ ಸಂಭವ ಹೆಚ್ಚು. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿ ಸಾಮಾನ್ಯವಾಗಿ ಪ್ರಶಸ್ತ. ಹೊರಡುವ ಹಿಂದಿನ ದಿನ ಪತ್ರಿಕೆಗಳಲ್ಲಿ ಜಲಾಶಯಗಳ ಹೊರಹರಿವನ್ನು ನೋಡಿಕೊಳ್ಳುವುದು ಅಗತ್ಯ.

ನಿಷೇಧವು ವಾರಗಟ್ಟಲೆ ಮುಂದುವರಿದರೆ ಅಂಬಿಗರಿಗೆ ಆ ದಿನಗಳ ದುಡಿಮೆ ಇಲ್ಲ. ಇದನ್ನು ಬಲ್ಲ ಕೆಲವು ಪ್ರವಾಸಿಗರು ಹೆಚ್ಚು ಹಣದ ಆಸೆ ತೋರಿ, ಮುಚ್ಚಿದ ಘಟ್ಟದಿಂದ ದೂರದಲ್ಲಿ ನೀರಿಗಿಳಿಯುವಂತೆ ಒತ್ತಾಯಿಸುತ್ತಾರೆ. ಇದು ಅಂಬಿಗನ ಬಡತನವನ್ನು ದುರುಪಯೋಗಪಡಿಸಿಕೊಂಡಂತೆ. ಅನಾಹುತವಾದರೆ ಪ್ರಾಣದೊಂದಿಗೆ ಅವನ ಅನುಮತಿಯೂ ಹೋಗುತ್ತದೆ.

ಪ್ರವಾಸಿಗರ ಗಮನಕ್ಕೆ

ಜೀವರಕ್ಷಕ ಕವಚವನ್ನು ದಡದಲ್ಲಿಯೇ ಧರಿಸಿ ಎಲ್ಲ ಪಟ್ಟಿಗಳನ್ನೂ ಬಿಗಿಯತಕ್ಕದ್ದು. ಕೈಯಲ್ಲಿ ಹಿಡಿದುಕೊಂಡ ಅಥವಾ ಕುಳಿತುಕೊಳ್ಳಲು ಹಾಸಿಕೊಂಡ ಕವಚದಿಂದ ಪ್ರಯೋಜನವಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಮೃತಪಟ್ಟ ದುರಂತವು ಮಿತಿಮೀರಿದ ಜನಭಾರದ ಪರಿಣಾಮವನ್ನು ನಾಡಿಗೆಲ್ಲ ತಿಳಿಸಿದೆ. ಅದು ಕಡಲು, ಇದು ನದಿ. ಭಾರದ ಲೆಕ್ಕ ಎರಡೂ ಕಡೆ ಒಂದೇ. ನಿಗದಿಗಿಂತ ಒಬ್ಬರು ಹೆಚ್ಚಾದರೂ ಇನ್ನೊಂದು ಹರಿಗೋಲನ್ನು ಕೇಳಿರಿ. ಮಕ್ಕಳಿಗೆ ಅವರ ಅಳತೆಯ ಕವಚವಿಲ್ಲದಿದ್ದರೆ ಅವರನ್ನು ಕೂರಿಸದಿರುವುದೇ ಸರಿ.

ಹರಿಗೋಲಿನ ನಡುವಿಗೆ ಮುಖಮಾಡಿ, ಸುತ್ತಲೂ ಸಮನಾಗಿ ತಳದಲ್ಲಿಯೇ ಕುಳಿತುಕೊಳ್ಳಬೇಕು. ಅಂಚಿನ ಮೇಲೆ ಕೂರಬಾರದು, ನಡುನೀರಿನಲ್ಲಿ ಎದ್ದು ನಿಲ್ಲಬಾರದು. ಹತ್ತುವಾಗ ಕಾಲನ್ನು ನಡುವಿನಲ್ಲಿ ಇಡತಕ್ಕದ್ದು. ಹರಿಗೋಲು ಮಗುಚಿದ ಪಕ್ಷದಲ್ಲಿ ಅದನ್ನೇ ಹಿಡಿದುಕೊಳ್ಳಿ, ಮಗುಚಿದ ಹರಿಗೋಲು ಸಹ ತೇಲುತ್ತದೆ. ಸೆಳೆತಕ್ಕೆ ಸಿಕ್ಕವರು ಕಾಲುಗಳನ್ನು ಮುಂದೆ ಮಾಡಿ ಅಂಗಾತ ತೇಲಿದರೆ ತಲೆ ಬಂಡೆಗೆ ಬಡಿಯುವುದು ತಪ್ಪುತ್ತದೆ. ನಿಂತುಕೊಳ್ಳಲು ಯತ್ನಿಸಿದರೆ ಪಾದವು ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುವ ಭಯವಿದೆ.

ನದಿಯ ನೀರನ್ನು ಕುಡಿಯಬಾರದು. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿಯು ಅರ್ಕಾವತಿಯ ಮೂಲಕ ಇದೇ ನೀರಿಗೆ ಸೇರುತ್ತದೆ. ಹೊಗೆನಕಲ್‌ನಲ್ಲಿ ಎಣ್ಣೆ ತಿಕ್ಕಿಸಿಕೊಂಡು ಸ್ನಾನ ಮಾಡುವ ರೂಢಿ ಪ್ರಸಿದ್ಧವಾಗಿದೆ. ಹಾಗೆ ಮಾಡುವವರು ಗೊತ್ತುಪಡಿಸಿದ ಸ್ಥಳದಲ್ಲಿ ಮಾತ್ರ ನೀರಿಗಿಳಿಯಬೇಕು. ಎಣ್ಣೆ ಜಿಡ್ಡಿನ ಬಂಡೆಗಳ ಮೇಲೆ ಚಪ್ಪಲಿ ಕಳಚಿ ನಡೆಯುವುದು ಲೇಸು. ಅಲ್ಲಿಯೇ ಹಿಡಿದು ಕರಿದು ಕೊಡುವ ಮೀನಿನ ರುಚಿಯ ಬಗ್ಗೆ ಹೇಳಬೇಕಾದದ್ದಿಲ್ಲ, ತಿಂದ ಎಲೆಯನ್ನೂ ಪ್ಲಾಸ್ಟಿಕ್ಕನ್ನೂ ನದಿಗೆಸೆಯದಿದ್ದರೆ ಸಾಕು.

ಒಡೆಯರಪಾಳ್ಯದ ಟಿಬೆಟಿಯನ್ ನೆಲೆಯಲ್ಲಿ ತಂಗಲು ವಿದೇಶೀಯರು ಕೇಂದ್ರ ಗೃಹ ಸಚಿವಾಲಯದ ವಿಶೇಷ ಅನುಮತಿಯನ್ನು ಮುಂಚಿತವಾಗಿ ಪಡೆದಿರಬೇಕು. ಅನುಮತಿ ಇಲ್ಲದವರು ಕೊಳ್ಳೇಗಾಲದಲ್ಲಿ ಅಥವಾ ಮಹದೇಶ್ವರ ಬೆಟ್ಟದಲ್ಲಿ ತಂಗಬಹುದು. ಮಧ್ಯಾಹ್ನ ಮೂರು ಗಂಟೆಯೊಳಗೆ ಹೊಗೆನಕಲ್ ಬಿಟ್ಟರೆ ಘಟ್ಟದ ಕಾಡನ್ನು ಬೆಳಕಿರುವಾಗಲೇ ದಾಟಬಹುದು. ಕಾಡಿನ ನಡುವೆ ಮೊಬೈಲ್ ಸಂಪರ್ಕ ಕಡಿದುಹೋಗುವುದರಿಂದ, ಹೊರಡುವ ಮುನ್ನ ಮರಳುವ ಸಮಯವನ್ನು ಮನೆಯವರಿಗೋ ತಂಗಿದ ಸ್ಥಳದವರಿಗೋ ತಿಳಿಸಿರಬೇಕು. ತುರ್ತು ಸಂದರ್ಭದಲ್ಲಿ ಕರೆ ಮಾಡಬೇಕಾದ ಸಂಖ್ಯೆ 112. ಗಡಿಯಲ್ಲಿ ಕರೆಯು ತಮಿಳುನಾಡಿನ ಜಾಲಕ್ಕೆ ಹೋಗುವ ಸಾಧ್ಯತೆ ಇರುವುದರಿಂದ, ತಾವು ಕರ್ನಾಟಕದ ದಡದಲ್ಲಿ ಇರುವಿರೋ ಆಚೆಯ ದಡದಲ್ಲಿ ಇರುವಿರೋ ಎಂಬುದನ್ನು ಮೊದಲು ಹೇಳತಕ್ಕದ್ದು.